ಒಂದು ಮೊಳ ಕಡಿಮೆ

"ಒಳಗೆ ಎಷ್ಟು ಹೊತ್ತು ಬೇಕಾದ್ರೂ ಇರಿ, ಮೇಷ್ಟ್ರೇ. ಅಳೆಯೋದೊಂದು ಮಾಡಬೇಡಿ" ಎಂದಳು ಬೀಗದಮ್ಮ, ಸೊಂಟದ ಗೊಂಚಲಿನಲ್ಲಿ ಸರಿಯಾದ ಕೀಲಿಯನ್ನು ಬೆರಳಿನಿಂದ ತಡವಿ ಹುಡುಕುತ್ತ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಡ್ರಾಯಿಂಗ್ ಮೇಷ್ಟ್ರು ನಕ್ಕುಬಿಟ್ಟರು. ರಜೆಯಲ್ಲಿ ಒಬ್ಬರೇ ಕಾರು ಓಡಿಸಿಕೊಂಡು, ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು ಪುಸ್ತಕ ಮಾಡಲು ಹೊರಟವರು ಅವರು. ಒಂದು ಕೋಟೆಬಾಗಿಲು, ಎರಡು ಸೇತುವೆ, ಮೂರು ಗೋಪುರ ಮುಗಿದಿದ್ದವು. ಈ ಕಲ್ಲಿನ ಚಾವಡಿ ಏಳನೆಯದು. ಅವರಿಗೆ ಅಳೆಯಬೇಡಿ ಎನ್ನುವುದೂ ಒಂದೇ, ಅಡುಗೆಯವನಿಗೆ ಉಪ್ಪು ನೋಡಬೇಡ ಎನ್ನುವುದೂ ಒಂದೇ.

"ಯಾಕಮ್ಮ, ಅಳೆದ್ರೆ ಕಲ್ಲು ಸವೆಯುತ್ತಾ?"

"ನಗಬೇಡಿ. ಚಾವಡಿ ಒಂದು ಮೊಳ ಕಡಿಮೆ ಬಂತು ಅಂತ ಕಟ್ಟಿಸಿದ ಧಣಿ ಕಲ್ಲುಕುಟಿಗನ ಕೈಯನ್ನ ಮೊಳಕೈಗೇ ಕಡಿಸಿದನಂತೆ. 'ತಗೋ, ಇದನ್ನ ಸೇರಿಸಿ ಸರಿಮಾಡು' ಅಂದನಂತೆ. ಕಲ್ಲುಕುಟಿಗ ಆ ಕೈಯನ್ನೇ ಪಾಯದಲ್ಲಿ ಹೂತು ಮಾಟ ಮಾಡಿಟ್ಟ. ಅಳೆದಾಗಲೆಲ್ಲ ಅದಕ್ಕೊಂದು ಮೊಳ ಬೇಕು. ಅಳೆಯೋಕೆ ಇಬ್ಬರು ಬೇಕಲ್ಲ? ಮೊದಲು ಬಿಟ್ಟವನು ಪಾರು. ಹಿಡ್ಕೊಂಡೇ ಇದ್ದವನ ಕೈ ಹೋಯ್ತು."

"ಯಾರಾದ್ರೂ ಅಳೆದು ನೋಡಿದಾರಾ?"

"ನಮ್ಮಜ್ಜಿ ಕಾಲದಲ್ಲಿ ಅಣ್ಣ ತಮ್ಮ ಇಬ್ಬರು ಅಳೆದಿದ್ರಂತೆ. ಆಮೇಲೆ ಸಾಯೋ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ."

"ಸರಿ ಬಿಡಿ, ಅಳೆಯಲ್ಲ" ಎಂದರು ಮೇಷ್ಟ್ರು. ಅಜ್ಜಿಕತೆಗೆ ತಲೆಯಾಡಿಸಿದರೆ ಗಂಟೇನೂ ಹೋಗುವುದಿಲ್ಲ ಎಂಬ ಲೆಕ್ಕ ಅವರದು.

ಬಾಗಿಲು ತೆಗೆದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಒಂದು ತಂಬಿಗೆ ನೀರು ತಂದಿಟ್ಟಳು. ಹೆಗಲ ಮೇಲಿನ ನೀಲಿ ಶಾಲನ್ನು ತೆಗೆದು, ಕಾರಿನ ತೆರೆದ ಕಿಟಕಿಯೊಳಗೆ ಕೈಹಾಕಿ, ಸ್ಟಿಯರಿಂಗ್ ಮೇಲೆ ಹೊದಿಸಿದಳು. "ಬಿಸಿಲಿಗೆ ಕಾದುಬಿಡುತ್ತೆ. ಹೊರಡುವಾಗ ಕೈ ಸುಡಬಾರದಲ್ಲ."

ಒಳಗೆ ಬಾವಲಿಯ ಹಿಕ್ಕೆಯ ವಾಸನೆ, ಹಸಿ ಸುಣ್ಣದ ವಾಸನೆ. ನಡುಮಧ್ಯಾಹ್ನವಾದರೂ ನಾಲ್ಕನೆಯ ಕಂಬದಾಚೆ ಕತ್ತಲೆ. ಮೇಷ್ಟ್ರು ಕಂಬಗಳನ್ನು ಬರೆದುಕೊಂಡರು, ಸೂರನ್ನು ಬರೆದುಕೊಂಡರು. ಉದ್ದವೊಂದು ಉಳಿಯಿತು. ಬೇರೆ ಕಡೆಯೆಲ್ಲ ಗೋಡೆಯ ಸಂದಿಯಲ್ಲೊಂದು ಮೊಳೆ ಸಿಕ್ಕಿಸಿ, ಅದಕ್ಕೆ ಟೇಪಿನ ತುದಿ ಹಾಕಿ ಅಳೆಯುವುದು ಅವರ ರೂಢಿ. ಈ ಗೋಡೆಯಲ್ಲಿ ಉಗುರು ತೂರುವಷ್ಟೂ ಸಂದಿಯಿರಲಿಲ್ಲ. ಮೂರು ಸಲ ಟೇಪು ಜಾರಿ ಬಿತ್ತು.

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಪೊರೆ ಬಂದ ಕಣ್ಣು ಎಂದುಕೊಂಡರು.

"ಅಮ್ಮಾ, ಸ್ವಲ್ಪ ಬರ್ತೀರಾ? ಇದು ಫೋಟೊ ದೀಪದ ವೈರು. ತುದಿಯನ್ನ ಗೋಡೆಗೆ ಒತ್ತಿ ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಡಬೇಡಿ."

"ಅಷ್ಟೇನಾ? ಬಿಡಲ್ಲ ಬಿಡಿ" ಎಂದು ಅವಳು ನಕ್ಕಳು. ಬಲಗೈಯಲ್ಲಿ ಹಿಡಿದಳು.

ಟೇಪು ಬಿಚ್ಚುತ್ತ ಮೇಷ್ಟ್ರು ಕತ್ತಲೆಯೊಳಗೆ ನಡೆದರು. ಹಿಂದಿನ ಗೋಡೆ ಮುಟ್ಟಿ ಟಾರ್ಚು ಹಿಡಿದರು. ಮೂವತ್ತು ಮೀಟರಿಗೆ ಒಂದು ಮೊಳ ಕಡಿಮೆ.

ಅಷ್ಟರಲ್ಲಿ ಟೇಪು ಬಿಗಿಯಿತು.

ಮುದುಕಿ ಎಳೆದಳೇನೋ ಎಂದುಕೊಂಡರು. ಮುದುಕಿಯ ಬಲ ಅದಲ್ಲ. ನೆಲದಡಿಯಿಂದ ಕಲ್ಲು ಅರೆಯುವಂಥ ಸದ್ದು ಬಂತು. ಹಸಿ ಸುಣ್ಣದ ವಾಸನೆ ಹಸಿ ಮಾಂಸದ ವಾಸನೆಯಾಯಿತು. ಟಾರ್ಚು ಆರಿತು. ತಣ್ಣನೆಯದೇನೋ ಅವರ ಮಣಿಕಟ್ಟು ಹಿಡಿಯಿತು. ಬೆರಳುಗಳು. ಒರಟು ಬೆರಳುಗಳು. ಅವು ತೋಳಿನ ಮೇಲೆ ಮೊಳಕೈವರೆಗೆ ನಿಧಾನವಾಗಿ ಸರಿದು, ಅಲ್ಲೇ ಗುರುತು ಹಾಕಿದಂತೆ ನಿಂತವು.

"ಮೇಷ್ಟ್ರೇ, ಏನೋ ಎಳೀತಿದೆ!" ಆ ತುದಿಯಿಂದ ಕೂಗು. "ಬಿಡ್ಲಾ?"

ಬಿಡಿ ಎನ್ನುವುದಕ್ಕೆ ಎರಡು ಅಕ್ಷರ ಸಾಕಿತ್ತು. ಅದು ಅವರ ನಾಲಗೆಯ ತುದಿಗೂ ಬಂದಿತ್ತು. ಅವಳು ಬಿಟ್ಟರೆ ಹಿಡಿದುಕೊಂಡವರು ತಾವಾಗುತ್ತಾರೆ. ನಕ್ಕು ತಳ್ಳಿಹಾಕಿದ್ದ ಮಾತನ್ನು ಆ ಒಂದು ಕ್ಷಣದಲ್ಲಿ ಮೇಷ್ಟ್ರು ಪೂರ್ತಿ ನಂಬಿದರು.

"ಬೇಡ! ಹಿಡ್ಕೊಳ್ಳಿ!" ಎಂದರು.

ಬಿಟ್ಟುಬಿಟ್ಟರು.

ಮೊಳಕೈ ಮೇಲಿನ ಹಿಡಿತ ಸಡಿಲವಾಯಿತು. ಓಡಿದರು. ಕಂಬಕ್ಕೆ ಭುಜ ಹೊಡೆಯಿತು. ಎಡಗಡೆಯೊಂದು ಸಣ್ಣ ನರಳಿಕೆ. ತಿರುಗಲಿಲ್ಲ. ಬೆಳಕು. ಕಾರು. ಕೀಲಿ. ಹೊರಟರು.

ಊರು ದಾಟಿ ಎಷ್ಟೋ ದೂರ ಬಂದ ಮೇಲೆ ಕೈ ನೋಡಿಕೊಂಡರು. ಎರಡೂ ಇದ್ದವು. ಎರಡೂ ನೀಲಿ ಶಾಲಿನ ಮೇಲಿದ್ದವು. ಅಂಥ ಬಿಸಿಲಿನಲ್ಲೂ ಅವರ ಅಂಗೈ ಸುಟ್ಟಿರಲಿಲ್ಲ.

ಕಾರು ನಿಲ್ಲಿಸಿ ಬಹಳ ಹೊತ್ತು ಕುಳಿತರು. ತಿರುಗಿ ಹೋದಾಗ ಸಂಜೆಯಾಗಿತ್ತು.

ಬೀಗದಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ಬಲತೋಳು ಮೊಳಕೈಗೇ ಮುಗಿದಿತ್ತು. ರಕ್ತವಿಲ್ಲ, ಉಜ್ಜಿ ನಯಮಾಡಿದ ಕಲ್ಲಿನಂತಿತ್ತು. ತೆರೆದ ಬಾಗಿಲಾಚೆ ಟೇಪು ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಬಿದ್ದಿತ್ತು. ಸರಿಯಾಗಿ ಮೂವತ್ತು ಮೀಟರು.

"ಯಾರು, ಮೇಷ್ಟ್ರಾ?" ಕಾಲ ಸಪ್ಪಳಕ್ಕೆ ಅವಳು ಮುಖವೆತ್ತಿದಳು. "ವೈರಿನ ಕರೆಂಟು ನಿಮಗೂ ಹೊಡೀತೇನೋ ಅಂತ ಜೀವ ಹೋದ ಹಾಗಾಗಿತ್ತು. ನೀವು ಹೇಳಿದ್ರಲ್ಲ ಅಂತ ನಾನು ಬಿಡಲಿಲ್ಲ. ನಿಮಗೇನೂ ಆಗಲಿಲ್ಲ ತಾನೇ?"

ಹೇಳಿಬಿಡಬೇಕು. ಅದಕ್ಕೆಂದೇ ಬಂದವರು.

"ಹೌದಮ್ಮ" ಎಂದರು ಮೇಷ್ಟ್ರು, ಶಾಲನ್ನು ಅವಳ ಮಡಿಲಲ್ಲಿಡುತ್ತ. "ಕರೆಂಟು."

"ಸದ್ಯ, ನೀವು ಪಾರಾದಿರಲ್ಲ" ಎಂದು ಅವಳು ಎಡಗೈಯಿಂದ ತಂಬಿಗೆಯನ್ನು ತಡವಿ, ಅರ್ಧ ತುಳುಕಿಸುತ್ತ ಅವರ ಕಡೆ ಚಾಚಿದಳು. "ನೀರು ಕುಡೀರಿ. ಗಂಟಲು ಒಣಗಿದೆ ನಿಮ್ಮದು."

ಪುಸ್ತಕ ಬರಲಿಲ್ಲ. ಮೇಷ್ಟ್ರು ಈಗಲೂ ಪಾಠ ಮಾಡುತ್ತಾರೆ, ಆದರೆ ಟೇಪು ಮುಟ್ಟುವುದಿಲ್ಲ. ಒಂದೇ ಸಲ ಮುಟ್ಟಿದ್ದರು, ಖಾಲಿ ತರಗತಿಯಲ್ಲಿ, ಹಗಲಿನಲ್ಲಿ. ಟೇಪು ಬಿಚ್ಚಿ ನಾಲ್ಕು ಹೆಜ್ಜೆ ನಡೆದಿರಬೇಕು. ಆ ತುದಿಯನ್ನು ಯಾರೋ ಗೋಡೆಗೆ ಒತ್ತಿ ಹಿಡಿದುಕೊಂಡಿದ್ದರು. ಮುದಿ ಕೈಯ ಮೆತ್ತನೆಯ ಹಿಡಿತ. ಎಳೆಯಲಿಲ್ಲ.

ಬಿಡಿ ಎಂದು ಇವರು ಎಷ್ಟು ಕೂಗಿಕೊಂಡರೂ ಬಿಡಲೂ ಇಲ್ಲ.