ಕರಿದಾರದಲ್ಲಿ ಹೊಲಿದ ಪಟಗಳು

“ಅದೊಂದು ಬಿಟ್ಟು ಏನು ಬೇಕಾದ್ರೂ ತಗೊಂಡ್ಹೋಗಿ ಮೇಡಂ,” ಎಂದ ಕ್ಯಾಮೆರಾ ಅಜ್ಜ. ಅಷ್ಟು ಹೇಳುವುದಕ್ಕೇ ಅವನು ಎರಡು ಸಲ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು. “ಅದನ್ನ ಬಿಚ್ಚೋದು ಬೇಡ.”

ಅಜ್ಜನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಇಡೀ ಒಂದು ಮೋಜಿನ ಪಾರ್ಕು ಮಲಗಿತ್ತು. ಮುಚ್ಚಿ ಇಪ್ಪತ್ತೈದು ವರ್ಷವಾಗಿದ್ದ ಪಾರ್ಕು. ಬಂದವರ ಪಟ ಹೊಡೆಯುವುದು, ಸಂಜೆಯೊಳಗೆ ತೊಳೆದು ಬಾಗಿಲ ಬಳಿಯ ಹಲಗೆಗೆ ಸಿಕ್ಕಿಸುವುದು, ಬೇಕಾದವರು ತಮ್ಮದನ್ನು ತೆಗೆದುಕೊಂಡು ಹೋದ ಮೇಲೆ ಉಳಿದದ್ದನ್ನು ತಾರೀಖು ಬರೆದು ಕಟ್ಟಿಡುವುದು, ಇದು ಅಜ್ಜನ ಆಗಿನ ಕೆಲಸ. ಈಗ ಹೊಸ ಮಾಲೀಕರೊಬ್ಬರು ಅದೇ ಜಾಗದಲ್ಲಿ ಪಾರ್ಕನ್ನು ಮತ್ತೆ ತೆರೆಯುತ್ತಿದ್ದರು. ಒಳಗೆ ಕಾಲಿಟ್ಟವರು ‘ಅಯ್ಯೋ, ನಮ್ಮ ಕಾಲ!’ ಎಂದು ಕಣ್ಣೊರೆಸಿಕೊಳ್ಳುವಂಥ ಹಳೆಯ ಪಟಗಳ ಗೋಡೆಯೊಂದು ಅವರಿಗೆ ಬೇಕಾಗಿತ್ತು. ಆ ಗೋಡೆ ಕಟ್ಟಲೆಂದೇ, ಈಗ ಅಜ್ಜನೆದುರು ಕೂತಿದ್ದ ಇವಳನ್ನು ಸೇರಿಸಿಕೊಂಡಿದ್ದರು. ಬಂದು ಮೂರು ವಾರವಾಗಿದ್ದರಿಂದ ಆಫೀಸಿನವರಿಗೆಲ್ಲ ಇನ್ನೂ ‘ಹೊಸ ಮೇಡಂ’.

ಬಿಚ್ಚಬೇಡ ಎಂದದ್ದು ಅಂಗೈಯಗಲದ ಒಂದು ಕಟ್ಟು. ಪಟಗಳನ್ನು ಮುಖಕ್ಕೆ ಮುಖ ಸೇರಿಸಿ, ನಾಲ್ಕೂ ಅಂಚಿಗೆ ಕರಿದಾರದಿಂದ ಒತ್ತೊತ್ತಾಗಿ ಹೊಲಿದು, ಗಂಟಿನ ಮೇಲೆ ಮೇಣ ಸುರಿದಿತ್ತು.

“ಯಾಕಜ್ಜ, ಒಳಗೆ ದೆವ್ವ ಇದೆಯಾ? ಇದ್ರೆ ಇರ್ಲಿ ಬಿಡಿ, ಉದ್ಘಾಟನೆಗೆ ಅದಕ್ಕೂ ಒಂದು ಪಾಸ್ ಕೊಡ್ಸೋಣ.”

“ಮಾಟ ಮಾಡ್ಸಿದ್ದಾರೆ ಅದಕ್ಕೆ. ಕರಡಿ ಹೆಂಡ್ತಿ ಮಾಡ್ಸಿದ್ದು.”

“ಕರಡಿಗೂ ಹೆಂಡ್ತೀನಾ!” ಹೊಸ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜ ನಗಲಿಲ್ಲ. ಕುಡಿಯಲು ನೀರು ತರುತ್ತೇನೆಂದು ಗೋಡೆ ಹಿಡಿದುಕೊಂಡು ಒಳಗೆ ಹೋದ. ಅವನು ಹೋದದ್ದೇ ತಡ, ಕಟ್ಟು ಇವಳ ಚೀಲ ಸೇರಿತು. ಕಳ್ಳತನ ಅಂತ ಅವಳಿಗೆ ಅನ್ನಿಸಲಿಲ್ಲ. ಓದಿದವರು ಮೂಢನಂಬಿಕೆಯ ಕೈಯಿಂದ ಏನನ್ನಾದರೂ ಕಿತ್ತುಕೊಂಡರೆ ಅದಕ್ಕೆ ಬೇರೆ ಹೆಸರಿರುತ್ತದೆ.

ಕರಡಿ ಎಂದರೆ ಪಾರ್ಕಿನ ವೇಷದ ಕರಡಿ. ಅದನ್ನು ಕಂಡರೆ ಮಕ್ಕಳಿಗೆ ಪ್ರಾಣ. ಇವಳಿಗೂ ಅಷ್ಟೆ. ನೆಂಟರು ಸೇರಿದಾಗಲೆಲ್ಲ ಅಮ್ಮ ತಪ್ಪದೆ ಹೇಳುವ ಕತೆಯೊಂದಿತ್ತು. “ನಮ್ಮ ಗುಂಡಮ್ಮನಿಗೆ ಆಗ ಏಳು ವರ್ಷ. ಕರಡಿ ಪಾಪ, ಅಂಗಾತ ಮಲಗಿ ಆಟ ಆಡ್ತಿತ್ತು. ಇವಳು ಹೋಗಿ ಎದೆ ಮೇಲೆ ಕೂತ್ಲು ನೋಡಿ, ಇವಳ ಭಾರಕ್ಕೆ ಅದು ಮೇಲೇಳ್ಲೇ ಇಲ್ಲ!” ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಆ ಪಟ ಮನೆಯಲ್ಲಿರಲಿಲ್ಲ. ಅವತ್ತು ಯಾವುದೋ ಮೆಷಿನ್ ಕೆಟ್ಟಿದೆಯೆಂದು ಮಧ್ಯಾಹ್ನವೇ ಎಲ್ಲರನ್ನೂ ಹೊರಗೆ ಕಳಿಸಿದ್ದರಂತೆ. ಈ ಕೆಲಸಕ್ಕೆ ಅರ್ಜಿ ಹಾಕುವಾಗ ಇವಳ ಮನಸ್ಸಿನಲ್ಲಿದ್ದದ್ದೇ ಆ ಪಟ.

ಆಫೀಸಿನ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಸ್ಕ್ಯಾನರು, ಕಂಪ್ಯೂಟರು, ಒಂದು ಟೇಬಲ್ ಫ್ಯಾನು. ಮರುದಿನ ಮಧ್ಯಾಹ್ನ ಅಲ್ಲಿ ಕೂತು ಬ್ಲೇಡಿನಿಂದ ಕರಿದಾರ ಕೊಯ್ದಳು. ಮೊದಲು ಬಂದದ್ದು ವಾಸನೆ. ಒದ್ದೆಯಾಗಿ ಮಡಚಿಟ್ಟ ಕಂಬಳಿಯ ವಾಸನೆ, ಅದರ ಕೆಳಗೆ ಹಳೆಯ ಬೆವರು, ಅಂಟು, ಬಿಸಿಲಿಗೆ ಕಾದ ರಬ್ಬರು. ಮೂಗು ಮುಚ್ಚಿಕೊಂಡು ಪಟಗಳನ್ನು ಬಿಡಿಸಿ ಹರಡಿದಳು. ಏಳು ಪಟ. ಏಳರಲ್ಲೂ ಕರಡಿ ನೆಲದ ಮೇಲೆ, ಸುತ್ತ ನಗುವ ಜನ. ಏಳರಲ್ಲೂ ಕರಡಿಯ ಬಾಯಿಗೆ ಸೂಜಿ ಚುಚ್ಚಿದ ತೂತು.

ಕೊನೆಯದರಲ್ಲಿ ಅವಳೇ ಇದ್ದಳು.

ಗುರುತಿಸಲು ಕಷ್ಟವೇ ಆಗಲಿಲ್ಲ. ಅಮ್ಮ ತನ್ನ ಹೂಬಳ್ಳಿಯ ಸೀರೆಯಂಥದೇ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದ ಫ್ರಾಕು ಮೈಮೇಲಿತ್ತು. ಪಕ್ಕದಲ್ಲಿ ಅದೇ ಸೀರೆಯುಟ್ಟ ಅಮ್ಮ. ಸಂತೋಷಕ್ಕೆ “ಅಯ್ಯೋ!” ಎಂದು ಕೂಗಿಯೇಬಿಟ್ಟಳು. ಕೂಗಿದ್ದರ ಹಿಂದೆಯೇ ಗಂಟಲಿಗೆ ಕೂದಲು ಸಿಕ್ಕಿಕೊಂಡಂತಾಗಿ ಕೆಮ್ಮು ಬಂತು.

ಕೂಗು ಕೇಳಿ ಮಾಲೀಕರು ಇಣುಕಿದರು. ಪಟ ಎತ್ತಿಕೊಂಡರು. “ಭಲೇ! ನಡುಗೋಡೆಗೆ ಇದೇ ಇರ್ಲಿ, ಹತ್ತಡಿ ಎತ್ತರ! ಯಾರ್ರೀ ಈ ದಡೂತಿ ಹುಡುಗಿ? ಪಾಪ, ಕರಡಿ ಅಪ್ಪಚ್ಚಿ!” ಎಂದು ಹೊಟ್ಟೆ ಕುಣಿಸಿ ನಕ್ಕರು. ನಾನೇ ಎನ್ನಲು ಅವಳಿಗೆ ನಾಚಿಕೆಯಾಯಿತು. “ಯಾರೋ ಸಾರ್,” ಎಂದಳು. ಪ್ರಿಂಟಿನವರು ನಾಲ್ಕು ಗಂಟೆಗೆ ಬರುತ್ತಾರೆ, ಧೂಳು, ತೂತು ಎಲ್ಲ ಸರಿಮಾಡಿಡಿ ಎಂದು ಹೇಳಿ ಅವರು ಹೋದರು.

ಅವಳು ಪಟವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಇನ್ನೂ ದೊಡ್ಡದು. ಅಮ್ಮನ ಕತೆಯಲ್ಲಿ ಇಲ್ಲದ ಸಂಗತಿಗಳು ಆಗ ಒಂದೊಂದಾಗಿ ಕಂಡವು. ಏಳು ವರ್ಷದ ಗುಂಡಮ್ಮ ಎದೆಯ ಮೇಲೆ ಸುಮ್ಮನೆ ಕೂತಿರಲಿಲ್ಲ. ಎರಡೂ ಅಂಗೈ ಕರಡಿಯ ಬಾಯಿಯ ಮೇಲಿದ್ದವು. ಒತ್ತಿ ಹಿಡಿದಿದ್ದಳು. ಅಮ್ಮ ಬಗ್ಗಿ, ಬೆರಳಿನಿಂದ ಅದೇ ಬಾಯಿಯನ್ನು ತೋರಿಸಿ ನಗುತ್ತಿದ್ದಳು. ಕರಡಿಯ ಒಂದು ಪಂಜ ತನ್ನದೇ ಕತ್ತಿನ ಹೊಲಿಗೆಯನ್ನು ಪರಚುತ್ತಿತ್ತು. ಗಾಜಿನ ಕಣ್ಣು ಒಳಗಿನಿಂದ ಮಂಜಾಗಿತ್ತು.

ಕೋಣೆಯಲ್ಲಿ ವಾಸನೆ ದಟ್ಟವಾಯಿತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಬಾಯಿ ತೆರೆದಳು. ಬಾಯೊಳಗೆ ರೋಮ. ಉಗಿದಳು, ಏನೂ ಬೀಳಲಿಲ್ಲ. ಎದೆಯ ಮೇಲೆ ಭಾರ. ಯಾರೋ ಕೂತಿದ್ದಾರೆ. ಏಳುತ್ತಿಲ್ಲ. ಪರದೆಯಿಂದ ಮುಖ ತಿರುಗಿಸಿದಾಗ ಎಳ್ಳಷ್ಟು ಉಸಿರು ಬಂತು. ಅದನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಅಜ್ಜನ ಮನೆಗೆ ಓಡಿದಳು.

“ಸುಮ್ನೆ ಕೇಳ್ತಿದೀನಿ ಅಜ್ಜ,” ಎಂದಳು ಹೊಸ್ತಿಲಲ್ಲೇ ನಿಂತು. “ಆ ಕರಡಿಗೆ ಏನಾಗಿತ್ತು?”

ಅಜ್ಜ ಅವಳ ಎದೆಯ ಏರಿಳಿತವನ್ನೇ ನೋಡಿದ. ಆಮೇಲೆ ತುಂಡು ತುಂಡಾಗಿ ಹೇಳಿದ. “ವೇಷ ಹಾಕ್ದೋನು ಮಾತಾಡೋ ಹಾಗಿಲ್ಲ. ಮಕ್ಕಳ ಮುಂದೆ ತಲೆ ತೆಗೆಯೋ ಹಾಗಿಲ್ಲ. ಪಾರ್ಕಿನ ನಿಯಮ ಅದು. ಗಾಳಿಗೆ ಇದ್ದಿದ್ದು ಬಾಯಲ್ಲಿನ ಬಲೆ ಒಂದೇ. ಅವತ್ತು ಬಿಸಿಲಿಗೆ ಬಿದ್ದ. ಕೈಕಾಲು ಬಡ್ದ. ಆಟ ಅಂದ್ಕೊಂಡು ಎಲ್ರೂ ನಕ್ರು. ಒಳಗೆ ಸಾಯ್ತಿದ್ರೂ ನಿಯಮ ಮುರೀಲಿಲ್ಲ ಆ ಪುಣ್ಯಾತ್ಮ, ಕೂಗ್ಲಿಲ್ಲ. ನಾನು ಪಟ ಹೊಡೀತಾನೇ ಇದ್ದೆ. ಕೊನೇಗೆ ಯಾವುದೋ ಮಗು ಬಲೆ ಮೇಲೆ ಕೈ ಇಡ್ತು.”

“ಮಗುಗೆ ಏನು ಗೊತ್ತಾಗುತ್ತೆ,” ಎಂದಳು ಅವಳು.

“ಗೊತ್ತಾಗಲ್ಲ. ಅವನ ಹೆಂಡ್ತಿಗೂ ಅದು ಗೊತ್ತಿತ್ತು. ಆದ್ರೂ ಹಲಗೆಯಿಂದ ಪಟ ಕಿತ್ಕೊಂಡು ಹೋದ್ಲು. ಅವನ ವೇಷದ ರೋಮ ಸುಟ್ಟು, ಒಂದೊಂದು ಬಾಯಿಗೂ ಸೂಜಿ ಚುಚ್ಸಿದ್ಲು. ಇದ್ರಲ್ಲಿ ತನ್ನನ್ನ ತಾನು ಯಾರು ಗುರುತು ಹಿಡೀತಾರೋ ಅವರಿಗೆ ನನ್ನ ಗಂಡನ ಕೊನೇ ಉಸಿರು ಅಂತ. ತಂದು ನನ್ನ ಕೈಗೇ ಇಟ್ಲು. ಏಳನೇ ಪಟದ ನೆಲದ ಮೇಲೆ ನನ್ನ ನೆರಳಿತ್ತು ಮೇಡಂ.” ಅಜ್ಜ ನಿಂತ. ಉಸಿರು ಎಳೆದುಕೊಂಡ. “ಯಾರ ಕಣ್ಣಿಗೂ ಬೀಳ್ದಿರ್ಲಿ ಅಂತ ಹೊಲಿದಿಟ್ಟೋನು ನಾನು. ಸುಟ್ರೆ ಅದ್ರಲ್ಲಿರೋರೆಲ್ಲ ಒಟ್ಟಿಗೆ ಹೋಗ್ತಾರಂತೆ.”

“ಬಿಡುಗಡೆ ಇಲ್ವಾ?”

“ನಾಲ್ಕು ಜನ ಕೇಳೋ ಹಾಗೆ ಒಪ್ಕೋಬೇಕು. ನಾನು ಒಪ್ಕೊಂಡೆ. ಅರ್ಧ ಉಸಿರು ಉಳೀತು.”

“ಒಪ್ಕೊಳ್ದೆ, ಪಟದಿಂದ ತನ್ನನ್ನ ತೆಗೆದುಹಾಕ್ಬಿಟ್ರೆ?”

“ಉಳ್ಕೋತಾರೆ. ಅವರ ಪಾಲಿನದು ಪಕ್ಕದಲ್ಲಿ ನಿಂತೋರಿಗೆ ಹೋಗುತ್ತೆ. ತೆಗೆದೋರು ಆಮೇಲಾದ್ರೂ ಒಪ್ಕೊಂಡ್ರೆ ಆ ಪಕ್ಕದೋರು ಉಳೀತಾರೆ.” ಅಜ್ಜನ ಕಣ್ಣು ಚಿಕ್ಕದಾಯಿತು. “ನೀವು ಬಿಚ್ಚಿದ್ರಾ? ನೀವಿದೀರಾ ಅದ್ರಲ್ಲಿ?”

“ಛೆ ಛೆ! ನಾನ್ಯಾಕೆ ಇರ್ಲಿ,” ಎಂದಳು ಹೊಸ ಮೇಡಂ.

ಆಫೀಸಿಗೆ ಮರಳಿದಾಗ ಮೂರೂಕಾಲು. ಮಾಲೀಕರ ಬಳಿ ಹೋಗಿ, ಈ ಪಟ ಬೇಡ ಸಾರ್, ಇದರಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದಾನೆ, ಬಾಯಿ ಮುಚ್ಚಿದ್ದು ನಾನು ಎಂದು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ಹೋದಳು ಕೂಡ. ಬಾಗಿಲ ಹೊರಗಿನಿಂದ ಅವರ ನಗು ಕೇಳಿಸಿತು, ಯಾರಿಗೋ ಫೋನಿನಲ್ಲಿ ದಡೂತಿ ಹುಡುಗಿಯ ವರ್ಣನೆ ನಡೆದಿತ್ತು. ಅವಳ ಕೈ ಬಾಗಿಲು ತಟ್ಟಲಿಲ್ಲ.

ಕೆಳಗಿಳಿದು ಅಳಿಸಲು ಕೂತಳು. ಮೊದಲು ರಿಬ್ಬನ್ನು. ಆಮೇಲೆ ಕೂದಲು, ಉಬ್ಬಿದ ಕೆನ್ನೆ, ಹೂಬಳ್ಳಿಯ ಫ್ರಾಕು. ಹುಡುಗಿಯಿದ್ದಲ್ಲಿ ಕರಡಿಯ ರೋಮ ತುಂಬಿದಳು, ನೆಲ ತುಂಬಿದಳು. ಕೊನೆಗೆ ಎರಡು ಅಂಗೈ. ಅವೂ ಹೋದ ಕ್ಷಣ ಎದೆಯ ಭಾರ ಇಳಿಯಿತು. ಗಾಳಿ! ಅಳುವಷ್ಟು ಗಾಳಿ. ಮೂಲ ಪಟದಿಂದಲೂ ಹುಡುಗಿಯನ್ನು ಕೊರೆದು ತೆಗೆದು ಚೂರುಚೂರು ಮಾಡಿದಳು.

ಪರದೆಯ ಮೇಲೆ ಅಮ್ಮ ಉಳಿದಿದ್ದಳು. ಬಗ್ಗಿ, ಬೆರಳು ಚಾಚಿ, ಖಾಲಿ ಜಾಗಕ್ಕೆ ನಗುತ್ತಿದ್ದಳು. ಪಕ್ಕದಲ್ಲಿ ನಿಂತವರು ಎಂದು ಅಜ್ಜ ಹೇಳಿದ್ದು ನೆನಪಾಗಲಿಲ್ಲವೇ? ಆಯಿತು. ಅವಳು ಮೌಸಿನ ಬಾಣದ ಗುರುತನ್ನು ಅಮ್ಮನ ಮುಖದವರೆಗೆ ಒಯ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಪ್ರಿಂಟಿನವನು ಬಂದು ನಿಂತ. “ಮೇಡಂ, ಆಯ್ತಾ? ಗಾಡಿ ಕಾಯ್ತಿದೆ.” ಮಾಟವೂ ಇಲ್ಲ ಮಂತ್ರವೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದುಕೊಂಡಳು ಆಗ. ಹತ್ತು ನಿಮಿಷದ ಹಿಂದೆ ತನ್ನ ಜೀವಕ್ಕೆ ನಿಜವಾಗಿದ್ದದ್ದು ಅಮ್ಮನ ಸರದಿ ಬಂದಾಗ ಮೂಢನಂಬಿಕೆಯಾಗಿಬಿಟ್ಟಿತ್ತು. ಅದೂ ಅಲ್ಲದೆ ಅಮ್ಮನಿಗೆ ಮಂಡಿನೋವು, ಉದ್ಘಾಟನೆಗೆ ಎಲ್ಲಿ ಬರುತ್ತಾಳೆ.

“ಆಯ್ತು,” ಎಂದಳು.

ಉದ್ಘಾಟನೆಯ ಬೆಳಿಗ್ಗೆ ಹೊಸ ಬಣ್ಣದ ವಾಸನೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ತಮ್ಮ ಬಾಲ್ಯವನ್ನು ಗೋಡೆಯಲ್ಲಿ ಹುಡುಕುತ್ತ, ಸಿಕ್ಕವರು ಕಿರುಚುತ್ತ, ಮೊಮ್ಮಕ್ಕಳಿಗೆ ತೋರಿಸುತ್ತ ಓಡಾಡುತ್ತಿದ್ದರು. ಅವಳು ಮೈಕು ಹಿಡಿದು ಸ್ವಾಗತ ಹೇಳುತ್ತಿದ್ದಳು. ಆಗ ಮಾಲೀಕರು ಕಿವಿಯಲ್ಲಿ ಪಿಸುಗುಟ್ಟಿದರು: “ನಿಮಗೊಂದು ಆಶ್ಚರ್ಯ ಇದೆ, ನಿಮ್ಮ ತಾಯಿಗೆ ಕಾರು ಕಳಿಸಿದ್ದೆ.”

ಬಾಗಿಲಲ್ಲಿ ಅಮ್ಮ. ಕೋಲು ಊರಿಕೊಂಡು, ಮುಖ ತುಂಬ ನಗು.

ಅವಳು ಓಡಿದಳು. “ಅಮ್ಮ, ಅಲ್ಲೇನಿಲ್ಲ. ಈ ಕಡೆ ಬಾ. ಕೂತ್ಕೋ ಬಾ.”

“ಇರೇ, ನಿನ್ನ ಕೆಲಸ ನೋಡಕ್ಕೇ ಅಲ್ವಾ ಬಂದಿದ್ದು,” ಎಂದು ಅಮ್ಮ ಅವಳನ್ನು ಸರಿಸಿ ನಡುಗೋಡೆಯ ಮುಂದೆ ನಿಂತಳು. ಕನ್ನಡಕ ಏರಿಸಿದಳು. “ಅಯ್ಯೋ, ಇದು ನನ್ನ ಹೂಬಳ್ಳಿ ಸೀರೆ ಅಲ್ವೇನೇ! ಇದು ನಾನೇ ಕಣೇ! ನೋಡ್ರಪ್ಪಾ, ಇದು ನಾನು!”

ಜನ ಚಪ್ಪಾಳೆ ತಟ್ಟಿದರು. ಅಮ್ಮ ಕೆಮ್ಮಿದಳು.

ಬಣ್ಣದ ವಾಸನೆ ಹೋಯಿತು. ಒದ್ದೆ ಕಂಬಳಿ. ಬೆವರು. ಅಮ್ಮನ ಕೋಲು ಬಿತ್ತು. ಬಾಯಿ ತೆರೆಯಿತು. ತೆರೆದೇ ಇತ್ತು. ತುಟಿ ನೀಲಿ. ಕೈ ಕತ್ತಿಗೆ ಹೋಯಿತು. ಪರಚಿತು. ಮಗಳ ಕೈಯಲ್ಲಿ ಮೈಕಿತ್ತು. ನಾಲ್ಕು ಜನರಲ್ಲ, ನಾನೂರು ಜನ. ನಾನು ಎಂದರೆ ಸಾಕು. ಬಾಯಿ ಮುಚ್ಚಿದ್ದು ನಾನು. ಎರಡೇ ಮಾತು. ಮಾಲೀಕರು ನೋಡುತ್ತಿದ್ದಾರೆ. ಎಲ್ಲರೂ ನೋಡುತ್ತಿದ್ದಾರೆ. ಅವಳು ಮೈಕನ್ನು ತುಟಿಗೆ ತಂದಳು.

“ನೀರು,” ಎಂದಳು. “ಯಾರಾದ್ರೂ ನೀರು ತನ್ನಿ.”

ಆಸ್ಪತ್ರೆಯ ಡಾಕ್ಟರಿಗೆ ಏನೂ ಬಗೆಹರಿಯಲಿಲ್ಲ. ಎದೆಯಲ್ಲಿ ದೋಷವಿಲ್ಲ, ಹೃದಯ ಗಟ್ಟಿಯಾಗಿದೆ, ಆದರೂ ಉಸಿರು ಒಳಗೆ ಹೋಗುತ್ತಿಲ್ಲ ಎಂದು ತಲೆ ಕೆರೆದುಕೊಂಡರು. ಮೂರನೆಯ ದಿನ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟಳು. ನರ್ಸು ಬಾಟಲಿ ಬದಲಿಸುತ್ತಿದ್ದಳು. ಪಕ್ಕದ ಹಾಸಿಗೆಯ ಮುದುಕ, ಅವನ ಮಗ, ಸೊಸೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಸರಿಯಾಗಿ ನಾಲ್ಕು ಜನ.

“ಗುಂಡಮ್ಮ,” ಎಂದಳು ಅಮ್ಮ. ಒಂದೊಂದು ಮಾತಿಗೂ ಎದೆಗೂಡು ಎದ್ದು ಬೀಳುತ್ತಿತ್ತು. “ಆ ಪಟದಲ್ಲಿ... ನೀನಿರ್ಲಿಲ್ವಲ್ಲೇ.”

“ಅದು ಬೇರೆ ಪಟ ಅಮ್ಮ.”

ಅಮ್ಮ ಸೂರು ನೋಡಿದಳು. “ಮತ್ತೆ ನಾನು... ಯಾರನ್ನ ನೋಡಿ... ಹಂಗೆ ನಗ್ತಿದ್ದೆ?”

ನರ್ಸು ತಿರುಗಿ ನೋಡಿದಳು. ಪಕ್ಕದ ಸೊಸೆಯೂ ನೋಡಿದಳು. ಮಗಳ ಮೈಯೆಲ್ಲ ನಾಚಿಕೆಯಿಂದ ಸುಟ್ಟಿತು. ಹೇಳಿದರೆ ಅಮ್ಮನಿಗೆ ಉಸಿರು ಬರುತ್ತದೆ, ತನ್ನದು ಅರ್ಧವಾಗುತ್ತದೆ. ಅದಕ್ಕೂ ಅವಳು ಸಿದ್ಧಳಿದ್ದಳೇನೋ. ಆದರೆ ನಿನ್ನನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ನಾನು ಹೊರಬಂದೆ ಎಂದು ಆ ಮುಖಕ್ಕೆ ಮುಖ ಕೊಟ್ಟು ಹೇಳಬೇಕಿತ್ತು.

“ಮಾತಾಡ್ಬೇಡಮ್ಮ, ಆಯಾಸ ಆಗುತ್ತೆ,” ಎಂದಳು. “ನಾಳೆ ಹೇಳ್ತೀನಿ.”

ಅಮ್ಮ ನಾಲ್ಕು ಗಂಟೆಯ ಮೇಲೆ ಇರಲಿಲ್ಲ.

ಸುದ್ದಿ ತಿಳಿದು ಮಾಲೀಕರು ಬಂದರು, ಆಫೀಸಿನವರು ಬಂದರು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವಳ ಬೆನ್ನು ಸವರುತ್ತ ಒಬ್ಬರು, “ಸಾಯೋ ಮುಂಚೆ ತಾಯಿಗೆ ಹಳೇ ದಿನ ತೋರ್ಸಿದ್ಯಲ್ಲಮ್ಮ, ಇಂಥ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು,” ಎಂದರು. ಅವಳು ತಲೆ ಎತ್ತದೆ ಕೈಮುಗಿದಳು. ಎದೆ ತುಂಬ ಉಸಿರು ಬಂತು, ಸರಾಗವಾಗಿ ಹೋಯಿತು, ಮತ್ತೆ ಬಂತು.