ಬೆಟಗೇರಿಯಲ್ಲಿ ಕಳೆದ ದನಿ

ಕಳ್ಳರು ಹಣದ ಚೀಲ ಮುಟ್ಟಿರಲಿಲ್ಲ, ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ. ಅಂಗೈಯಗಲದ ರೆಕಾರ್ಡರ್ ಒಂದನ್ನೇ ಎತ್ತಿದ್ದರು. ಆಟೋ ಓಡಿಸುವ ಇಜಾಜನಿಗೆ ತಲೆಬುಡ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಅವನು ಮಾಡುವುದು ಒಂದೇ: ಬೆಟಗೇರಿಯ ಪತ್ತೇದಾರಿ ಭುವನೇಶ್ವರಿ ಬಾಯಾರನ್ನು ಕರೆತರುವುದು. ಅವರ ಎಲ್ಲ ಪತ್ತೆಗಳಿಗೂ ಅವನೇ ಸಾರಥಿ.

ಕಳೆದುಕೊಂಡವಳು ನೇಕಾರರ ಮನೆಯ ಅತಿಥಿ, ಸ್ಕಾಟ್ಲೆಂಡಿನ ಮೊರಾಗ್. ಒಂದು ಕಾಲಕ್ಕೆ ಅಲ್ಲಿಯ ಟೀವಿಯಲ್ಲಿ ದೊಡ್ಡ ಹೆಸರು. ಮುಖ ಸುಕ್ಕುಗಟ್ಟಿತೆಂದು ಕೈಬಿಟ್ಟರು. ಉಳಿದದ್ದು ರೇಡಿಯೋ. ಕಾರ್ಯಕ್ರಮಕ್ಕೆಂದು ರೆಕಾರ್ಡ್ ಮಾಡುತ್ತಿದ್ದ ಈ ಮನೆಯ ದನಿಗಳು ಸಂಜೆಯೊಳಗೆ ಅಲ್ಲಿಗೆ ತಲುಪದಿದ್ದರೆ ಅದೂ ಹೋದಂತೆ.

"ಮುಂಜಾನಿ ಮನಿ ಏಳೋ ಸಪ್ಪಳ ಬೇಕಂತ ಚಾಲೂ ಮಾಡಿಟ್ಟು ಜಳಕಕ್ಕ ಹೋಗಿದ್ಲಂತ್ರಿ," ಎಂದು ಮುಂಡರಗಿಯ ದುಭಾಷಿ ದುರ್ಗೇಶ ಅವಳ ಮಾತು ತಿರುಗಿಸಿದ. "ನಿನ್ನೆ ಈ ಮನಿ ಅಜ್ಜಿ, ಹೊಟ್ಟಿಪಾಡಿಗೆ ಏನ ಮಾಡ್ತಿ ಅಂತ ಕೇಳಿದ್ರ ಈಕಿ ಆ ರೆಕಾರ್ಡರ್ ತೋರಿಸಿದ್ಲು."

"ನನಗ ಇವನ ಮ್ಯಾಲ ಸಂಶೇ ಐತ್ರಿ," ಇಜಾಜ ದುರ್ಗೇಶನತ್ತ ಕಣ್ಣು ತೋರಿಸಿ ಬಾಯಾರಿಗೆ ಪಿಸುಗುಟ್ಟಿದ.

ಬಾಯಾರು ಹಾಸಿಗೆಯ ಮೇಲಿದ್ದ ಹೆಡ್‌ಫೋನ್ ತಿರುಗಿಸಿ ನೋಡಿದರು. ಅದರ ವಾಯರಿನ ತುದಿಗೆ ಕುಂಕುಮ ಹತ್ತಿತ್ತು. ಆಮೇಲೆ ಆ ಮನೆಯ ಸೊಸೆ ಸಪ್ನಾಳ ಹತ್ತಿರ ಕತ್ತರಿ ಕೇಳಿದರು.

"ಇವತ್ತ ಕತ್ತರಿ ಸಿಗಂಗಿಲ್ರಿ, ಮಹಾನವಮಿ ಅಲ್ರಿ."

"ಅತ್ತಿ ಎಲ್ಲಿ?"

"ಪೂಜಿ ಮುಗಿಸಿ ಶಿರಹಟ್ಟಿ ಮಠಕ್ಕ ಹೋಗ್ಯಾರ್ರಿ. ಬರೂ ಹೊತ್ತಾತು."

"ಅಲ್ಲೀತನಕ ಚಾ ಮಾಡವಾ."

ಕಳ್ಳನನ್ನು ಹಿಡಿಯುವುದು ಬಿಟ್ಟು ಚಾ ಕುಡಿಯುವ ಪತ್ತೇದಾರರನ್ನು ಕಂಡು ಇಜಾಜ ಇನ್ನಷ್ಟು ಗೊಂದಲಕ್ಕೆ ಬಿದ್ದ.

ಸಪ್ನಾಳ ಅತ್ತೆ, ಅಜ್ಜಿ ಸಾವಂತ್ರೆವ್ವ ಮಠದಿಂದ ಬಂದೊಡನೆ ಬಾಯಾರು ಎಲ್ಲರನ್ನೂ ಮಗ್ಗದ ಮುಂದೆ ಕೂರಿಸಿದರು. "ಕಳ್ಳ ಆಗಿದ್ರ ರೊಕ್ಕ ಬಿಡ್ತಿದ್ದಿಲ್ಲ. ಖಂಡೆ ಪೂಜಿ ದಿನ ದುಡಿಯೋ ಸಾಮಾನೆಲ್ಲಾ ದೇವರ ಮುಂದ ಕುಂಡ್ರತಾವ, ಅದಕ್ಕ ಕತ್ತರಿ ಸಿಗಲಿಲ್ಲ. ಈಕಿ ದುಡಿಯೋ ಸಾಮಾನು ಯಾವುದಂತ ಅಜ್ಜಿ ನಿನ್ನೆನ ಕೇಳಿ ತಿಳಕೊಂಡಿದ್ಲು. ವಾಯರ್ ಬಿಚ್ಚುವಾಗ ಕೈಯಾಗಿನ ಕುಂಕುಮ ಹತ್ತೇತಿ."

ಮಗ್ಗಕ್ಕೆ ಹೊದಿಸಿದ್ದ ಹೊಸ ಸೀರೆಯನ್ನು ಸರಿಸಿದರು. ಲಾಳಿ, ಕತ್ತರಿಗಳ ನಡುವೆ ಚೆಂಡುಹೂ ಮುಡಿದು ರೆಕಾರ್ಡರ್ ಕೂತಿತ್ತು. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು; ಮುಂಜಾನೆ ಚಾಲೂ ಮಾಡಿದ್ದು ನಿಂತಿರಲಿಲ್ಲ.

"ಮನಿಗೆ ಬಂದಾಕಿ ಸಾಮಾನು ಪೂಜಿ ಬಿಟ್ಟು ಇಡಾಕ ಬರ್ತೈತೇನು?" ಎಂದಳು ಅಜ್ಜಿ. "ಈಗ ಎತ್ತಬ್ಯಾಡ್ರಿ. ನಾಳೆ ಬನ್ನಿ ಕೊಟ್ಟ ಮ್ಯಾಲ ಎತ್ತೂದು."

ಮೊರಾಗಳ ಮುಖ ಬಾಡಿತು. ಗಡುವು ಇವತ್ತೇ ಇತ್ತು.

"ಅದು ಕುಂತಲ್ಲೇ ಇರ್ಲಿ," ಎಂದರು ಬಾಯಾರು. "ಲ್ಯಾಪ್‌ಟಾಪನ್ನ ಅದರ ಹಂತೇಕ ತರ್ರಿ. ದನಿ ಅದರಾಗ ಇಳಿಸಿ ಇವತ್ತ ಕಳಸೂಣು."

ಇಜಾಜ ತಂದಿಟ್ಟ. ವಾಯರ್ ಜೋಡಿಸಿ ಮುಂಜಾನೆಯ ರೆಕಾರ್ಡಿಂಗ್ ಹಚ್ಚಿದಾಗ, ಮನೆ ಏಳುವ ಸಪ್ಪಳದ ಬಳಿಕ ಪೂಜೆಯ ಗಂಟೆ ಕೇಳಿತು, ಹಿಂದೆಯೇ ಸಾವಂತ್ರೆವ್ವನ ದನಿ: "ತಾಯಿ, ಈಕಿ ಮಾತಾಡಿ ಉಣ್ಣಾಕಿ. ಈಕಿ ಬಾಯಿ ಮುಚ್ಚಸಬ್ಯಾಡವಾ."

ದುರ್ಗೇಶ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಬಾಳೆಲ್ಲ ಮಾತಾಡಿಯೇ ಬದುಕಿದ ಮೊರಾಗ್ ಆ ದನಿಯನ್ನು ಇನ್ನೊಮ್ಮೆ ಹಚ್ಚಿ ಕೇಳಿದಳು. ತನ್ನ ಕಾರ್ಯಕ್ರಮ ಈ ದನಿಯಿಂದಲೇ ಶುರುವಾಗಲಿ ಎಂದು ಹೇಳಿ, ಅಜ್ಜಿಯ ಪಕ್ಕ ಕೂತಳು.