ಪೀಚ್ ಗಿಡದ ನಿದ್ದೆ

ಐಸ್ ಮಾರುವ ಅವನು ಬೀದಿಗೆಲ್ಲ ಐಸಣ್ಣ. ಲೆಕ್ಕದ ಟೀಚರ್ ಮಾತ್ರ ‘ಐಸಿನವರೇ’ ಎಂದು ಕರೆಯುತ್ತಿದ್ದಳು. ಅವಳು ಕೈಬಿಟ್ಟ ಆ ಒಂದು ‘ಅಣ್ಣ’ನ ಮೇಲೆ ಅವನು ಚಳಿಗಾಲವಿಡೀ ಆಸೆ ಕಟ್ಟಿಕೊಂಡಿದ್ದ.

ಚಳಿಗಾಲ ಎಂಬುದು ಆ ಊರಿನಲ್ಲಿ ಫ್ಯಾನನ್ನು ಒಂದು ನಂಬರ್ ಕಡಿಮೆ ಮಾಡುವ ಕಾಲ, ಅಷ್ಟೆ. ಅಂಥಲ್ಲಿ ಪೀಚ್ ಬೆಳೆದೇ ತೀರುತ್ತೇನೆಂದು ಟೀಚರ್ ಹಟ ಹಿಡಿದಿದ್ದಳು. ಗಿಡ ಆಳೆತ್ತರ ಬೆಳೆದು ಸೊಂಪಾಗಿತ್ತು. ಹೂವು ಮಾತ್ರ ಇಲ್ಲ. ಪೀಚ್‌ಗೆ ಚಳಿ ಬೇಕೆಂದು ಎಲ್ಲೋ ಓದಿ, ದಿನಾ ಸಂಜೆ ಅದರ ಬುಡಕ್ಕೆ ಐಸ್ ಹಾಕಿಸುತ್ತಿದ್ದಳು. ಈ ಸಲವೂ ಹೂ ಬಿಡದಿದ್ದರೆ ಗಿಡ ಕಡಿಸಿ ಕಾರ್ ಶೆಡ್ ಕಟ್ಟಿಸುವುದಾಗಿ ಅವಳ ಅಣ್ಣ ಹೇಳಿಯಾಗಿತ್ತು.

ಆ ಸಂಜೆ ಐಸಣ್ಣ ಬರಿಗೈಯಲ್ಲಿ ಬಂದ.

“ಐಸೆಲ್ಲಿ?”

“ತಂದಿಲ್ಲ ಟೀಚರ್. ನರ್ಸರಿಯವರನ್ನ ಕೇಳಿದೆ. ಚಳಿ ಬೇಕಾದ್ದು ಬೇರಿಗಲ್ಲವಂತೆ, ಕೊಂಬೆ ಮೇಲಿನ ಮೊಗ್ಗಿಗಂತೆ. ನಿಮ್ಮದು ಸ್ವಲ್ಪ ಚಳಿ ಸಿಕ್ಕಿದ್ರೂ ಸಾಕು ಅನ್ನೋ ಜಾತಿ. ಆದ್ರೆ ಒಂದಷ್ಟು ದಿನ ಎಲೆ ಕಳಚಿ ಮಲಗಬೇಕು. ನನ್ನ ಐಸ್ ಕರಗಿ, ದಿನಾ ನೀರು ಕುಡಿಸಿ, ಅದನ್ನ ಮಲಗೋಕೇ ಬಿಟ್ಟಿಲ್ಲ.”

ಅವಳು ಕನ್ನಡಕ ತೆಗೆದು ಒರೆಸತೊಡಗಿದಳು. ಕ್ಲಾಸಿನ ಹುಡುಗರು ಹೆದರುವುದು ಇದಕ್ಕೇ.

“ಯಾವಾಗ ಕೇಳಿದ್ರಿ?”

“ಹೋದ ವಾರ.”

“ಈ ವಾರವೆಲ್ಲ ಐಸ್ ಹಾಕಿದ್ರಲ್ಲ.”

“ಹಾಕಿದೆ. ನಿಲ್ಲಿಸಿದ್ರೆ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ?” ಗಿಡಕ್ಕೆ ಹೇಳಿದಂತೆ ಹೇಳಿದ. “ನಿಮ್ಮಣ್ಣ ಮರ ಕಡಿಯೋರನ್ನ ವಿಚಾರಿಸ್ತಿದಾರೆ ಅಂತ ನಿನ್ನೆ ಗೊತ್ತಾಯ್ತು. ನನ್ನ ಆಸೆಗೆ ನಿಮ್ಮ ಗಿಡ ಹೋಗೋದು ಬೇಡ. ಬರ್ತೀನಿ.”

ಗೇಟಿನವರೆಗೆ ಹೋದವನನ್ನು ಅವಳ ದನಿ ಹಿಡಿದು ನಿಲ್ಲಿಸಿತು. “ಎಲ್ಲಿಗೆ ಹೊರಟ್ರಿ? ಎಬ್ಬಿಸಿ ಕೂರಿಸಿದವರೇ ಮಲಗಿಸಬೇಕು. ಬನ್ನಿ, ಎಲೆ ಕೀಳಿ.”

“ಎಲ್ಲಾನೂ?”

“ಒಂದೂ ಬಿಡದ ಹಾಗೆ.”

ಗಿಡಕ್ಕೆ ನೀರು ಹಾಕುವುದು ನಿಂತಿತು. ದಿನಾ ಸಂಜೆ ಗಿಡದ ಆ ಬದಿ ಅವಳು, ಈ ಬದಿ ಅವನು. ಮೊಗ್ಗಿಗೆ ಪೆಟ್ಟಾಗದಂತೆ ಒಂದೊಂದೇ ಎಲೆ. ಮೊದಲು ಅವಳ ಬೆರಳಷ್ಟೇ ಕಾಣುತ್ತಿತ್ತು. ಆಮೇಲೆ ಕನ್ನಡಕ. ಆಮೇಲೆ ಅದರ ಹಿಂದಿನ ಕಣ್ಣು, ಅವನು ನೋಡಿದಾಗಲೆಲ್ಲ ಅವಸರದಲ್ಲಿ ಬೇರೊಂದು ಎಲೆ ಹುಡುಕುವ ಕಣ್ಣು. ಬರಬರುತ್ತಾ ಹುಡುಕಲು ಒಂದೇ ಎಲೆ ಉಳಿಯಿತು.

“ನೆಪ ಯಾಕೆ ಬೇಕಿತ್ತು?” ಎಂದಳು, ಬೋಳು ಕೊಂಬೆಗಳ ನಡುವಿನಿಂದ ನೇರವಾಗಿ ನೋಡುತ್ತ. “ಸುಮ್ಮನೆ ಬಂದಿದ್ರೆ ನಾನೇನು ಬಾಗಿಲು ಹಾಕ್ಕೋತಿದ್ನಾ?”

ಕೊನೆಯ ಎಲೆಯನ್ನು ಇಬ್ಬರೂ ಸೇರಿ ಬಹಳ ಹೊತ್ತು ಕಿತ್ತರು.

ಅಣ್ಣ ಬಂದು ನೋಡಿದ. “ನೀವೇ ಸಾಯಿಸಿದ್ರಲ್ಲ. ನನಗೊಂದು ಕೆಲಸ ಕಡಿಮೆ ಆಯ್ತು.”

“ಮಲಗಿದೆ ಕಣೋ. ಗಲಾಟೆ ಮಾಡಬೇಡ,” ಎಂದು ತಂಗಿ ಅವನನ್ನು ಒಳಗೆ ಅಟ್ಟಿದಳು.

ಬೇಸಿಗೆ ಬಲಿಯುವ ಮುನ್ನ ಬರಿ ಕೊಂಬೆಗಳ ತುಂಬ ಗುಲಾಬಿ ಬಣ್ಣದ ಹೂವು. ಅಣ್ಣ ಗಿಡಕ್ಕೆ ಒಂದು ಸುತ್ತು ಬಂದು, ಹುಡುಕಿದರೂ ತಪ್ಪು ಸಿಗದೆ, ಐಸಣ್ಣನನ್ನು ಮೇಲಿಂದ ಕೆಳಗೆ ನೋಡಿದ.

“ಹೂ ಬಂತಲ್ಲ. ಇನ್ನು ಇವರಿಗೇನು ಕೆಲಸ ಇಲ್ಲಿ?”

“ಕಾಯಿ ಕಟ್ಟಿದ್ಮೇಲೆ ಮುಕ್ಕಾಲು ಪಾಲು ಕಿತ್ತುಹಾಕಬೇಕು, ಉಳಿದದ್ದು ದಪ್ಪ ಆಗ್ಲಿ ಅಂತ. ಹಣ್ಣು ಮುಗಿದ್ಮೇಲೆ ನಡುಗೊಂಬೆ ಕತ್ತರಿಸಿ ಒಳಗೆ ಬಿಸಿಲು ಬಿಡಬೇಕು. ಆಮೇಲೆ ಮತ್ತೆ ಎಲೆ,” ಎಂದು ತಂಗಿ ಬೆರಳು ಮಡಿಸಿ ಎಣಿಸಿದಳು.

“ಅಂದ್ರೆ ಇದು ಮುಗಿಯೋದೇ ಇಲ್ಲ.”

“ಇಲ್ಲ,” ಎಂದಳು ಟೀಚರ್, ಅಣ್ಣನ ಎದುರಿಗೇ ಐಸಿನವನ ಕೈ ಹಿಡಿದುಕೊಂಡು. ವರ್ಷಗಟ್ಟಲೆ ಐಸ್ ಹೊತ್ತ ಕೈ, ಬೆವರುತ್ತಿತ್ತು.